ಅಂಗಳದ ಸರ್ಪ ಮತ್ತು ಶ್ರಾವಕನ ಅಹಿಂಸೆ

ಬಸದಿಯಲ್ಲಿ ಪಾರ್ಶ್ವನಾಥ ಸ್ವಾಮಿಯ ಶಿರದ ಮೇಲಿನ ಹೆಡೆಗಳಿಗೆ ಕೈಮುಗಿಯುವ ಗೃಹಸ್ಥನು, ತನ್ನ ಹಿತ್ತಿಲಿನಲ್ಲಿ ಹೆಡೆಯನ್ನು ಕಂಡೊಡನೆ ದೊಣ್ಣೆಗಾಗಿ ಕೂಗುವುದು ಅಪರೂಪವೇನಲ್ಲ. ಇದನ್ನು ಕಪಟವೆಂದು ಜರಿಯುವುದು ಸುಲಭ. ಆದರೆ ಒಳಗೆ ಮಗು ಮಲಗಿರುವಾಗ ತಾಯಿಗೆ ಉಂಟಾಗುವ ಭಯ ಕಪಟವಲ್ಲ. ಒಂದೆಡೆ ಅಹಿಂಸಾಣುವ್ರತ, ಇನ್ನೊಂದೆಡೆ ಮಗುವಿನ ಪ್ರಾಣ. ಶ್ರಾವಕನು ಯಾವುದನ್ನು ಕಾಪಾಡಬೇಕು?

ಭಯಕ್ಕೆ ಆಧಾರವಿಲ್ಲದಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಮೃತರಾದರು. ಇವರಲ್ಲಿ ಬಹುಪಾಲು ಗ್ರಾಮವಾಸಿಗಳೇ ಆದರೂ ನಗರಗಳು ಇದಕ್ಕೆ ಹೊರತಲ್ಲ. ಬೆಂಗಳೂರಿನ ಎಷ್ಟೋ ಬಡಾವಣೆಗಳು ಹೊಲಗದ್ದೆ, ಕೆರೆಯಂಗಳಗಳ ಮೇಲೆ ಎದ್ದಿವೆ. ಅಲ್ಲಿ ನಾಗರಹಾವು, ಕೊಳಕುಮಂಡಲಗಳು ಮನುಷ್ಯನಿಗಿಂತ ಹಳೆಯ ನಿವಾಸಿಗಳು. ರಾಜಕಾಲುವೆ ಅವುಗಳ ದಾರಿ. ಕಸದ ರಾಶಿಯಿಂದ ಬೆಳೆದ ಇಲಿ ಅವುಗಳ ಆಹಾರ.

ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಗಳುಂಟು. ಅಣುವ್ರತಿಯು ಸಂಕಲ್ಪೀ ಹಿಂಸೆಯನ್ನು ತ್ಯಜಿಸುತ್ತಾನೆ. ಉಳಿದವು ಗೃಹಸ್ಥನಿಗೆ ಪೂರ್ಣವಾಗಿ ಬಿಡಲಾಗದವು. ಹಾವನ್ನು ಹೊಡೆಯುವವರು ಅದನ್ನು ವಿರೋಧೀ ಹಿಂಸೆಯೆಂದು ಸಮರ್ಥಿಸಿಕೊಳ್ಳುವುದುಂಟು. ಆದರೆ ವಿರೋಧಿಯೆಂದರೆ ಮೇಲೆರಗಿ ಬಂದವನು. ನಾಗರವು ಹೆಡೆಯೆತ್ತುವುದು ಎಚ್ಚರಿಕೆ ಕೊಡಲು, ದಂಡೆತ್ತಿ ಬರಲು ಅಲ್ಲ. ಬಿಲವನ್ನು ಹುಡುಕಿ ಸರಿಯುತ್ತಿರುವ ಜೀವಿಯನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವುದು ಭಯದ ಹೆಸರಿನ ಸಂಕಲ್ಪವೇ ಸರಿ. ಹೊಡೆಯಲು, ಹಿಡಿಯಲು ಹೋದವರೇ ಕಡಿತಕ್ಕೆ ಗುರಿಯಾಗುವುದೂ ಉಂಟು. ಆದುದರಿಂದ ದೊಣ್ಣೆಯು ವ್ರತವನ್ನು ಕೆಡಿಸುವುದಲ್ಲದೆ ಮಗುವನ್ನೂ ಕಾಯದು.

ಪಾರ್ಶ್ವಕುಮಾರನ ಚರಿತೆಯ ತಾಪಸನನ್ನು ನೆನೆಯಬಹುದು. ಅವನಿಗೆ ಸರ್ಪಯುಗಲದ ಮೇಲೆ ದ್ವೇಷವಿರಲಿಲ್ಲ. ಅವನ ಗಮನವೆಲ್ಲ ತಪಸ್ಸಿನ ಮೇಲಿತ್ತು. ಮರದೊಳಗೆ ಜೀವವಿದೆಯೆಂದು ಕುಮಾರನು ಎಚ್ಚರಿಸಿದರೂ ಕೇಳದೆ ಅವನು ಕೊಡಲಿಯೆತ್ತಿದನು. ಅಲ್ಲಿ ಕೊಂದದ್ದು ಕ್ರೌರ್ಯವಲ್ಲ, ಪ್ರಮಾದ. ನಗರದ ಹಾವೂ ಹೆಚ್ಚಾಗಿ ಪ್ರಮಾದದಿಂದಲೇ ಸಾಯುತ್ತದೆ, ಪ್ರಮಾದದಿಂದಲೇ ಕಚ್ಚುತ್ತದೆ.

ಹಾಗಾದರೆ ಅಪ್ರಮಾದವೆಂದರೇನು? ಧಾನ್ಯದ ಡಬ್ಬಿಯನ್ನು ಮುಚ್ಚಿಡುವುದು, ಎಂಜಲನ್ನು ರಾತ್ರಿ ಹೊರಗೆ ಬಿಡದಿರುವುದು. ಇಲಿಗೆ ಆಹಾರ ಸಿಗದಿದ್ದರೆ ಅದಕ್ಕೆ ವಿಷವಿಡುವ ಪಾಪವೂ ತಪ್ಪುತ್ತದೆ. ಇಟ್ಟಿಗೆ, ಸೌದೆಗಳ ರಾಶಿಯನ್ನು ಗೋಡೆಗೆ ಒತ್ತಿ ಇಡದಿರುವುದು, ಬಾಗಿಲ ಕೆಳಗಿನ ಸಂದು ಮುಚ್ಚುವುದು, ಕತ್ತಲಲ್ಲಿ ದೀಪ ಹಿಡಿದು ನೆಲ ನೋಡಿ ನಡೆಯುವುದು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ನೋವೇ ತಿಳಿಯದಂತೆ ಕಚ್ಚಬಲ್ಲದು. ಮಂಚ ಮತ್ತು ಚೆನ್ನಾಗಿ ಸಿಕ್ಕಿಸಿದ ಸೊಳ್ಳೆಪರದೆ ದೊಡ್ಡ ರಕ್ಷೆ. ತನ್ನ ಕಸವನ್ನು ಗೋಡೆಯಾಚೆ ಎಸೆದು ಶುಚಿಯಾದೆನೆಂದುಕೊಳ್ಳುವವನು, ಆಚೆಯ ಗುಡಿಸಲಿನಲ್ಲಿ ನೆಲದ ಮೇಲೆ ಮಲಗುವ ಕೂಲಿಯವನ ಬಳಿಗೆ ಹಾವನ್ನು ಕಳುಹಿಸುತ್ತಾನೆ. ಆ ಮನೆಯಲ್ಲಿಯೂ ಮಗುವಿದೆ.

ಇಷ್ಟಾಗಿಯೂ ಹಾವು ಒಳಗೆ ಬಂದರೆ, ಮಕ್ಕಳನ್ನು ದೂರ ಸರಿಸಿ, ಅದರ ಮೇಲೆ ಕಣ್ಣಿಟ್ಟು, ಅರಣ್ಯ ಇಲಾಖೆಗೋ ಪಳಗಿದ ಹಾವು ಹಿಡಿಯುವವರಿಗೋ ತಿಳಿಸಬೇಕು. ದೂರದ ಕಾಡಿಗೊಯ್ಯಿರೆಂದು ಹಠ ಹಿಡಿಯುವುದೂ ದಯೆಯಲ್ಲ. ಪರಿಚಯವಿಲ್ಲದ ನೆಲದಲ್ಲಿ ಬಿಲವೂ ಆಹಾರವೂ ಸಿಗದೆ ಅದು ಅಳಿಯಬಹುದು. ಹಾವುಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆಯೂ ಅಪರಾಧ. ಕಡಿತವಾದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಅಂಗವನ್ನು ಅಲುಗಿಸದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಮಂತ್ರಸ್ಮರಣೆ ಧೈರ್ಯ ಕೊಡಬಹುದು, ಪ್ರತಿವಿಷದ ಔಷಧಿಯ ಸ್ಥಾನವನ್ನು ತುಂಬಲಾರದು.

ಹೀಗೆ ನೋಡಿದಾಗ ಮಗುವೋ ಹಾವೋ ಎಂಬ ಪ್ರಶ್ನೆ ಬಹುಮಟ್ಟಿಗೆ ತಡವಾಗಿ ಹುಟ್ಟಿದ ಪ್ರಶ್ನೆ. ಅದಕ್ಕೆ ಮೊದಲೇ, ಪ್ರತಿ ಸಂಜೆ ಅಂಗಳ ಗುಡಿಸಿ ದೀಪ ಹಚ್ಚುವ ಹೊತ್ತಿಗೆ, ಎರಡು ಜೀವಗಳನ್ನೂ ಕಾಯುವ ಅವಕಾಶ ಶ್ರಾವಕನಿಗೆ ದೊರೆತಿರುತ್ತದೆ. ಅದನ್ನು ಬಳಸಿಕೊಳ್ಳುವುದೇ ಅವನ ವ್ರತ.