ಪಾಳಿ ಯಾರದು?

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕವಿದೆ. ಹೆದ್ದಾರಿ ಹಿಡಿದು ಹೊಸಪೇಟೆಗೋ ಚಿತ್ರದುರ್ಗಕ್ಕೋ ಹೋಗುವ ಲಾರಿಯವರು ಅದರ ಕಡೆ ತಿರುಗಿ ನೋಡುವುದು ಕಡಿಮೆ. ನೋಡಬೇಕಿತ್ತು ಎಂದು ನನಗನ್ನಿಸುತ್ತದೆ. ಗಾಂಧಿ ಗುಂಡಿಗೆ ಬಲಿಯಾದದ್ದು 1948ರ ಜನವರಿ 30ರಂದು. ಅದಕ್ಕೂ ಅರ್ಧ ಶತಮಾನದ ಹಿಂದೆಯೇ ಅವರು ಸಾರಿಗೆಯವನೊಬ್ಬನ ಕೈಯಲ್ಲಿ ಹೊಡೆತ ತಿಂದಿದ್ದರು.

1893ರಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗಿನ ಸ್ಟೇಷನ್ನಿನಲ್ಲಿ ಅವರನ್ನು ರೈಲಿನಿಂದ ಹೊರಹಾಕಿದ ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಪ್ರಯಾಣದ ಮುಂದಿನ ಭಾಗ ಅಷ್ಟು ಪ್ರಸಿದ್ಧವಲ್ಲ. ಚಾರ್ಲ್ಸ್‌ಟೌನಿನಿಂದ ಜೋಹಾನ್ಸ್‌ಬರ್ಗ್ ಕಡೆಗೆ ಆಗ ಕುದುರೆ ಕೋಚು. ಟಿಕೆಟ್ ಇದ್ದರೂ ಗಾಂಧಿಯನ್ನು ಒಳಗೆ ಕೂರಿಸಲಿಲ್ಲ, ಸಾರಥಿಯ ಪಕ್ಕ ಹೊರಗೆ ಕೂರಿಸಿದರು. ಪಾರ್ಡೆಕಾಫ್ ಎಂಬಲ್ಲಿ ಕೋಚಿನ ಬಿಳಿಯ ಉಸ್ತುವಾರಿಗೆ ಹೊಗೆಬತ್ತಿ ಸೇದಲು ಆ ಜಾಗವೂ ಬೇಕಾಯಿತು. ಕಾಲಿಡುವ ಹಲಗೆಯ ಮೇಲೆ ಕೊಳಕು ಗೋಣಿತಾಟು ಹಾಸಿ, ಅಲ್ಲಿ ಕೂರು ಎಂದ. ಒಲ್ಲೆ ಎಂದದ್ದಕ್ಕೆ ಹೊಡೆದ. ಪ್ರಯಾಣಿಕರೇ ಅಡ್ಡಬಂದು ಬಿಡಿಸಿದರು. ಕೋಚಿನ ಇಂಥ ಉಸ್ತುವಾರಿಯನ್ನು ಆ ಸೀಮೆಯಲ್ಲಿ ಕರೆಯುತ್ತಿದ್ದದ್ದು ‘ಲೀಡರ್’ ಎಂದು.

ಸ್ಟ್ಯಾಂಡರ್ಟನ್ ತಲುಪಿದ ಮೇಲೆ ಗಾಂಧಿ ಕಂಪನಿಯ ಏಜೆಂಟನಿಗೆ ಪತ್ರ ಬರೆದರು. ನಡೆದದ್ದನ್ನೆಲ್ಲ ಹೇಳಿ, ನಾಳೆ ಉಳಿದವರ ಜೊತೆ ಒಳಗೆ ಸೀಟು ಕೊಡುವಿರೆಂಬ ಖಾತ್ರಿ ಬೇಕು ಎಂದು ಕೇಳಿದರು. ಹೊಡೆದವನ ಮೇಲೆ ಕೇಸು ಹಾಕುವ ಉದ್ದೇಶ ಅವರಿಗಿರಲಿಲ್ಲ.

ಅದೇ ದೇಶದಲ್ಲಿ ಈಗ ಮಿನಿಬಸ್ ಟ್ಯಾಕ್ಸಿಗಳ ಸಂಘಗಳ ಮುಖಂಡರನ್ನು ಗುಂಡಿಟ್ಟು ಕೊಲ್ಲುವುದು ಮಾಮೂಲಿ ಸುದ್ದಿಯಾಗಿದೆ. 1980ರ ದಶಕದ ಕೊನೆಯಲ್ಲಿ ಅಲ್ಲಿನ ಸರ್ಕಾರ ಈ ಕಸುಬಿನ ಮೇಲಿನ ಕಟ್ಟುಪಾಡು ಸಡಿಲಿಸಿ ಪರ್ಮಿಟ್ಟುಗಳನ್ನು ಧಾರಾಳವಾಗಿ ಹಂಚಿತು. ಗಾಡಿಗಳು ಹೆಚ್ಚಿದವು. ಯಾವ ರೂಟಿನಲ್ಲಿ ಯಾರು ಓಡಿಸಬೇಕು ಎಂದು ಹೇಳುವ ಕೆಲಸ ಸಂಘಗಳ ಕೈಗೆ ಹೋಯಿತು. 2021ರಲ್ಲಿ ಕೇಪ್‌ಟೌನಿನ ಎರಡು ಸಂಘಗಳು, ಕಾಟಾ ಮತ್ತು ಕೊಡೇಟಾ, ಬೆಲ್‌ವಿಲ್ ಮತ್ತು ಪಾರ್ಲ್ ನಡುವಿನ ಒಂದು ರೂಟಿಗಾಗಿ ಬಡಿದಾಡಿ ಹೆಣಗಳು ಉರುಳಿದವು. ಕಡೆಗೆ ಸರ್ಕಾರ ಆ ರೂಟನ್ನೇ ಎರಡು ತಿಂಗಳು ಮುಚ್ಚಬೇಕಾಯಿತು. ಇಂಥ ಪ್ರತಿ ಮುಖಂಡನ ಮಣ್ಣಿನಲ್ಲೂ ಒಂದೇ ಮಾತು ಕೇಳುತ್ತದೆ: ಉದ್ಯಮದಲ್ಲಿ ಶಾಂತಿ ನೆಲೆಸಲಿ. ಯಾರನ್ನು ಉದ್ದೇಶಿಸಿ ಈ ಮಾತು? ಕೊಂದವನು ಅಲ್ಲಿ ಹಾರ ಹಿಡಿದು ನಿಂತಿರಲೂಬಹುದು.

ಈ ಕಸುಬೇ ಯಾಕೆ ಇಷ್ಟು ರಕ್ತ ಬೇಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಹಡಗಲಿಯ ಮಲ್ಲಿಗೆಯಲ್ಲಿದೆ. ಹೂವಿನ ಹೆಸರನ್ನೇ ಇಟ್ಟುಕೊಂಡ ಊರು ಅದು. ಮಲ್ಲಿಗೆಯನ್ನು ಮೊಗ್ಗಿನಲ್ಲೇ ಬಿಡಿಸಿ, ಅರಳುವುದರೊಳಗೆ ಮಾರುಕಟ್ಟೆ ಮುಟ್ಟಿಸಬೇಕು. ಬಸ್ಸು ತಡವಾದರೆ ಬುಟ್ಟಿಯಲ್ಲಿರುವುದು ಬರಿಯ ಹೂವು, ಮಾಲಲ್ಲ. ಗಾಡಿಯ ಸೀಟೂ ಹಾಗೆಯೇ. ಕೊಟ್ಟೂರಿನಿಂದ ಹರಪನಹಳ್ಳಿಗೆ ಖಾಲಿ ಹೋದ ಸೀಟನ್ನು ನಾಳೆ ಮಾರಲಾಗದು. ಕಿರಾಣಿ ಅಂಗಡಿಯವನು ಇವತ್ತು ಮಾರದ ಬೇಳೆಯನ್ನು ನಾಳೆ ಮಾರಿಯಾನು. ಟಂಟಂ ಓಡಿಸುವವನಿಗೆ ಹೋದ ಪಾಳಿ ಹೋಯಿತು, ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬರುತ್ತದೆ. ಹಗರಿಬೊಮ್ಮನಹಳ್ಳಿಯ ಸ್ಟ್ಯಾಂಡಿನಲ್ಲಿ ಐದು ನಿಮಿಷದ ಹಿಂದುಮುಂದಿಗೆ ಕೊರಳಪಟ್ಟಿ ಹಿಡಿಯುವವರನ್ನು ಕಂಡು ನಗುವ ನಾವು, ಆ ಐದು ನಿಮಿಷವೇ ಅವರ ಬಂಡವಾಳ ಎಂಬುದನ್ನು ಮರೆಯುತ್ತೇವೆ.

ಇನ್ನೂ ಒಂದು ತೊಡಕಿದೆ. ಹೊಲಕ್ಕೆ ಪಹಣಿ ಇದೆ, ಮನೆಗೆ ಖಾತೆ ಇದೆ, ಗಾಡಿಗೆ ಆರ್‌ಸಿ ಇದೆ. ಪಾಳಿಗೆ ಏನಿದೆ? ರಸ್ತೆ ಎಲ್ಲರದು, ಅದರ ಮೇಲಿನ ಸರದಿ ಯಾರದೂ ಅಲ್ಲ. ಬಸ್ಸುಗಳಿಗಾದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವಿದೆ. ಟೈಮಿಂಗ್ ಅದು ಗೊತ್ತುಮಾಡುತ್ತದೆ, ಒಪ್ಪದವರಿಗೆ ಮೇಲ್ಮನವಿಯ ದಾರಿ ಇದೆ. ಟಂಟಂ, ಮ್ಯಾಕ್ಸಿ ಕ್ಯಾಬ್, ಬಾಡಿಗೆ ಲಾರಿಗಳ ಸರದಿ ಮಾತ್ರ ಸ್ಟ್ಯಾಂಡಿನ ನೆನಪಿನಲ್ಲಿರುತ್ತದೆ. ಆ ನೆನಪನ್ನು ಒಬ್ಬ ಇಟ್ಟುಕೊಂಡಿರುತ್ತಾನೆ. ಯಾರು ಮೊದಲು, ಹೊಸ ಗಾಡಿಯನ್ನು ಸೇರಿಸಬೇಕೇ ಬೇಡವೇ, ಯಾರ ಬಾಕಿ ಎಷ್ಟು, ಎಲ್ಲವೂ ಅವನ ತಲೆಯಲ್ಲಿ. ನಾವು ಅವನನ್ನು ಮುಖಂಡ ಎನ್ನುತ್ತೇವೆ. ನಿಜದಲ್ಲಿ ಅವನೊಂದು ನಡೆದಾಡುವ ರಿಜಿಸ್ಟರು.

ರಿಜಿಸ್ಟರನ್ನು ತಿದ್ದಬೇಕು ಅನ್ನಿಸಿದವನು, ಅದು ಕಾಗದದಲ್ಲಿದ್ದರೆ ರಬ್ಬರು ಹುಡುಕುತ್ತಾನೆ, ಇಲ್ಲವೇ ಗುಮಾಸ್ತನಿಗೆ ಲಂಚ ಕೊಡುತ್ತಾನೆ. ಮನುಷ್ಯನ ತಲೆಯಲ್ಲಿದ್ದರೆ? ಮುಖಂಡನ ಕೊಲೆಗೆ ಕೊಂದವನ ಕ್ರೌರ್ಯ ಕಾರಣ ನಿಜ, ಅಂಥವನಿಗೆ ಕ್ಷಮೆ ಬೇಕಿಲ್ಲ. ಆದರೆ ಒಬ್ಬನನ್ನು ಕೊಂದರೆ ಲಾಭವಾಗುವಂತೆ ಕಸುಬನ್ನು ಕಟ್ಟಿದ್ದರಲ್ಲಿ ಆ ಮುಖಂಡನ ಹಿಂದೆ ಜೈಕಾರ ಹಾಕಿದವರ ಪಾಲೂ ಇದೆ.

ಅಮೆರಿಕದ ಲಾರಿ ಚಾಲಕರ ಸಂಘ ಟೀಮ್‌ಸ್ಟರ್ಸ್‌ಗೆ 1957ರಿಂದ 1971ರವರೆಗೆ ಅಧ್ಯಕ್ಷನಾಗಿದ್ದ ಜಿಮ್ಮಿ ಹೊಫಾ ಎರಡು ಕೆಲಸ ಮಾಡಿದ. 1964ರಲ್ಲಿ ದೇಶದ ಲಕ್ಷಾಂತರ ಲಾರಿ ಚಾಲಕರಿಗೆ ಒಂದೇ ಲಿಖಿತ ಒಪ್ಪಂದ ತಂದ. ಇನ್ನೊಂದು ಕಡೆ, ಚಾಲಕರ ಪಿಂಚಣಿ ನಿಧಿಯ ಬೀಗದ ಕೈಯನ್ನು ತನ್ನ ಬಳಿಯೇ ಇಟ್ಟುಕೊಂಡು ಮಾಫಿಯಾದವರಿಗೂ ಸಾಲ ಹರಿಯಬಿಟ್ಟ. ಜೈಲಿಗೆ ಹೋಗಿ ಬಂದು ಮತ್ತೆ ಗದ್ದುಗೆ ಏರಲು ಹೊರಟಾಗ, 1975ರ ಜುಲೈ 30ರಂದು ಡೆಟ್ರಾಯಿಟ್ ಹತ್ತಿರದ ಹೋಟೆಲೊಂದರ ಮುಂದಿನಿಂದ ಕಾಣೆಯಾದ. ಹೆಣವೂ ಸಿಗಲಿಲ್ಲ. ಮಾಫಿಯಾವೇ ಮುಗಿಸಿತು ಎಂಬುದು ಹೆಚ್ಚಿನವರ ನಂಬಿಕೆ. ಕಾಗದದ ಮೇಲಿನ ಒಪ್ಪಂದ ಅವನಿಲ್ಲದೆಯೂ ಬದುಕಿತು. ಅವನ ಜೀವ ತೆಗೆದದ್ದು ಬೀಗದ ಕೈ ಎಂದೇ ನಾನು ಓದಿಕೊಳ್ಳುತ್ತೇನೆ.

ಪಾಳಿ ಕಾಗದದಲ್ಲಿರಲಿ, ಒಬ್ಬನ ತಲೆಯಲ್ಲಲ್ಲ ಎಂಬ ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದು ನಮ್ಮ ಸೀಮೆಯದೇ. ಅದಿರಿನ ಕಾಲದಲ್ಲಿ ಸಂಡೂರು, ಹೊಸಪೇಟೆಯ ಗಣಿಗಳನ್ನು ನೆಚ್ಚಿ ಸುತ್ತಲಿನ ತಾಲ್ಲೂಕುಗಳ ಎಷ್ಟೋ ಮಂದಿ ಸಾಲ ಮಾಡಿ ಲಾರಿ, ಟಿಪ್ಪರ್ ಕೊಂಡರು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು, 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಬೇಕಾದದ್ದೇ ನಿಂತಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗಣಿ ನಿಂತಂತೆ ಕಂತು ನಿಲ್ಲಲಿಲ್ಲ. ಫೈನಾನ್ಸಿನವರು ಗಾಡಿ ಎಳೆದೊಯ್ಯಲು ಬಂದಾಗ ಗೋಡೆಗೆ ಅಂಟಿಸಿದ ಪಾಳಿ ಪಟ್ಟಿ ಎದ್ದು ನಿಂತು ಮಾತಾಡುವುದಿಲ್ಲ. ಮಾತಾಡುವವನು ಒಬ್ಬ ಎದೆಗಾರ ಬೇಕು. ಒಂದೇ ಗಾಡಿಯ ಮಾಲೀಕ ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಲು ಹೆದರುತ್ತಾನೆ, ಜೊತೆಗೊಬ್ಬ ಅಣ್ಣ ಬೇಕೇ ಬೇಕು. ಬರಹ ಬಂತು, ಇನ್ನು ಮುಖಂಡ ಬೇಡ ಎನ್ನುವವನು ಆ ಮೆಟ್ಟಿಲು ಹತ್ತಿ ನೋಡಿಲ್ಲ.

ಹಾಗಾಗಿ ನನ್ನ ವಾದವನ್ನು ಸ್ವಲ್ಪ ಇಳಿಸಿಕೊಳ್ಳುತ್ತೇನೆ. ಬಾಯಿ ಅವನದಿರಲಿ, ಬುಕ್ಕು ಎಲ್ಲರದಿರಲಿ. ಸಂಘದ ಪರವಾಗಿ ಮಾತಾಡುವ ಕೆಲಸವನ್ನೂ ಸಂಘದ ಒಳಗೆ ಪಾಳಿ ಹಂಚುವ ಕೆಲಸವನ್ನೂ ಒಬ್ಬನಿಗೇ ಒಪ್ಪಿಸಬಾರದು. ಬರೆದಿಟ್ಟದ್ದೂ ಮಾರಾಟವಾಗುತ್ತದೆ, ಪ್ರಾಧಿಕಾರದ ತೀರ್ಪು ತಡವಾಗುತ್ತದೆ, ವಕೀಲರ ಫೀಜು ಗಾಡಿಯ ಕಂತನ್ನೇ ನುಂಗುತ್ತದೆ. ಆದರೂ ಕೊಂಡುಕೊಂಡ ತೀರ್ಪಿನ ಮೇಲೆ ಮೇಲ್ಮನವಿ ಹಾಕಬಹುದು, ಗುಂಡಿನ ಮೇಲೆ ಹಾಕಲಾಗದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದಾಗ ಖಾಸಗಿ ಗಾಡಿಯವರ ಹೊಟ್ಟೆಗೆ ನಿಜವಾಗಿಯೂ ಹೊಡೆತ ಬಿತ್ತು. ಆ ಸೆಪ್ಟೆಂಬರ್ 11ರಂದು ಅವರ ಸಂಘಗಳು ಬೆಂಗಳೂರು ಬಂದ್ ಮಾಡಿ, ಬೇಡಿಕೆಗಳ ಪಟ್ಟಿ ಹಿಡಿದು ಸರ್ಕಾರದ ಮುಂದೆ ಕೂತವು. ನಿಯಮ ಮಾಡಿದವರು ಯಾರೆಂದು ಗೊತ್ತಿದ್ದರಿಂದ ಜಗಳವೂ ವಿಳಾಸ ತಪ್ಪಲಿಲ್ಲ.

ಹೋದ ಮುಖಂಡನಿಗಾಗಿ ಅಳುವುದು ಬೇಡ ಎನ್ನುವಷ್ಟು ಕಲ್ಲಲ್ಲ ನಾನು. ಗಾಡಿಯ ಹಿಂದಿನ ಗಾಜಿಗೆ ಅವನ ಫೋಟೊ ಅಂಟಿಸಲಿ, ಒಂದು ದಿನ ಸ್ಟ್ಯಾಂಡು ಬಂದ್ ಆಗಲಿ. ನನ್ನ ತಕರಾರು ಹನ್ನೊಂದನೇ ದಿನದ ಮೇಲೆ. ಅವತ್ತು ಅವನ ತಮ್ಮನನ್ನೋ ಮಗನನ್ನೋ ಕರೆತಂದು ಅದೇ ಕುರ್ಚಿಯಲ್ಲಿ ಕೂರಿಸಿ, ಅದೇ ಬೀಗದ ಕೈ ಕೊಟ್ಟು ಹಾರ ಹಾಕುತ್ತೇವಲ್ಲ, ಮುಂದಿನ ಕೊಲೆಗೆ ವೀಳ್ಯ ಕೊಟ್ಟಂತೆ ಅದು. ಅದರ ಬದಲು ಸ್ಟ್ಯಾಂಡಿನ ಚಹಾದಂಗಡಿಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿ. ಗಾಡಿ ನಂಬರು, ಹೊರಡುವ ವೇಳೆ, ಹೊಸ ಗಾಡಿ ಸೇರಿಸಲು ಎಷ್ಟು ಮಂದಿಯ ಸಹಿ ಬೇಕು ಎಂಬುದನ್ನು ಬರೆಯಿರಿ. ಓದು ಬಾರದ ಕ್ಲೀನರಿಗೂ ಅದನ್ನು ಓದಿ ಹೇಳಿ.

ಸ್ಟ್ಯಾಂಡರ್ಟನಿನಲ್ಲಿ ಮಾರನೆಯ ಬೆಳಿಗ್ಗೆ ಗಾಂಧಿಗೆ ಒಳ್ಳೆಯ ಸೀಟು ಸಿಕ್ಕಿತು, ಅಂದು ರಾತ್ರಿಯೇ ಜೋಹಾನ್ಸ್‌ಬರ್ಗ್ ಮುಟ್ಟಿದರು. ತನ್ನನ್ನು ಹೊಡೆದ ಲೀಡರಿನ ಹೆಸರನ್ನು ಅವರು ಆತ್ಮಕಥೆಯಲ್ಲಿ ಬರೆದಿಲ್ಲ.