ಅಳಿಸಿದ ಮೇಲೆ ಉಳಿಯುವುದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಡುವ ಟಿಪಿಎಂ 2.0 ಇಲ್ಲದ ಹಳೆಯ ಲ್ಯಾಪ್‌ಟಾಪ್‌ಗಳನ್ನು ಎಸೆಯಲು ಮನಸ್ಸು ಬಾರದವರು ಎಲ್ಲವನ್ನೂ ಅಳಿಸಿ ಲಿನಕ್ಸ್ ಹಾಕಿಕೊಂಡು, ಯಂತ್ರಕ್ಕೆ ಪುನರ್ಜನ್ಮ ಬಂತು ಎನ್ನುತ್ತಾರೆ. ಈ ಮಾತನ್ನು ತುಸು ನಿಂತು ನೋಡಬೇಕು. ಗೀತೆಯ ಎರಡನೆಯ ಅಧ್ಯಾಯ ಹೇಳುವ ಪುನರ್ಜನ್ಮದಲ್ಲಿ ಬದಲಾಗುವುದು ದೇಹ. ಹಳೆಯ ಬಟ್ಟೆ ಕಳಚಿ ಹೊಸದನ್ನು ಉಟ್ಟಂತೆ. ಇಲ್ಲಿ ಆಗುವುದು ಅದರ ತಿರುವುಮುರುವು: ಒಡಲು ಅದೇ, ಒಳಗಿನದು ಬೇರೆ. ಇದಕ್ಕೆ ಹತ್ತಿರವಾದದ್ದು ಸನ್ಯಾಸ. ಸನ್ಯಾಸಿ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುತ್ತಾನೆ, ಹೆಸರು ಬಿಡುತ್ತಾನೆ, ಮನೆತನ ಬಿಡುತ್ತಾನೆ. ಮೊಣಕಾಲಿನ ನೋವು ಮಾತ್ರ ಪೂರ್ವಾಶ್ರಮದಿಂದ ಜೊತೆಗೇ ಬರುತ್ತದೆ. ಹಾಗಾದರೆ ಅಳಿದದ್ದು ಏನು?

ಹಾರ್ಡ್ ಡಿಸ್ಕನ್ನು ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ಹೋಗುವುದು ಫೈಲುಗಳಲ್ಲ, ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ. ಬರಹ ಇದ್ದಲ್ಲೇ ಇರುತ್ತದೆ, ಅದನ್ನು ಕರೆಯುವ ದಾರಿ ಇರುವುದಿಲ್ಲ. ಅದರ ಮೇಲೆ ಹೊಸತೊಂದು ಬರೆಯುವವರೆಗೂ ರಿಕವರಿ ತಂತ್ರಾಂಶ ಅದನ್ನು ಹೆಕ್ಕಿ ತೆಗೆಯಬಲ್ಲದು. ಇದು ಹಳೆಯ ಡಿಸ್ಕಿನ ಮಾತು, ಎಸ್‌ಎಸ್‌ಡಿಯಲ್ಲಿ ಪೂರ್ತಿ ಅಳಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಅಳಿಸಬಹುದು, ನಿಜ. ಆದರೆ ಫ್ಲ್ಯಾಶ್ ಸ್ಮೃತಿಯಲ್ಲಿ ಅಳಿಸಬೇಕಾದರೆ ಹೆಚ್ಚಿನ ವೋಲ್ಟೇಜ್ ಹಾಯಿಸಬೇಕು. ಪ್ರತಿ ಸಲವೂ ಕೋಶದ ತೆಳು ನಿರೋಧಕ ಪದರ ಒಂದಿಷ್ಟು ಸವೆಯುತ್ತದೆ. ಅಂದರೆ ಅಳಿಸುವುದೂ ಒಂದು ಕರ್ಮ, ಅದೂ ತನ್ನ ಗುರುತು ಬಿಟ್ಟೇ ಹೋಗುತ್ತದೆ. ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ ಎಂಬ ಲೆಕ್ಕವನ್ನು ಡಿಸ್ಕು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಎಷ್ಟು ಬಾರಿ ತುಂಬಿ ಬರಿದಾಯಿತು ಎಂಬುದನ್ನು ಬ್ಯಾಟರಿಯ ಚಿಪ್ ಎಣಿಸುತ್ತದೆ. ಆಪರೇಟಿಂಗ್ ಸಿಸ್ಟಂ ಹತ್ತು ಸಲ ಹೊಸದಾಗಿ ಹಾಕಿದರೂ ಈ ಲೆಕ್ಕ ಸೊನ್ನೆಗೆ ಬರುವುದಿಲ್ಲ.

ವೇದಾಂತಿಗಳು ಈ ತೊಡಕನ್ನು ಬಹಳ ಹಿಂದೆಯೇ ಎದುರಿಸಿದ್ದರು. ಜ್ಞಾನ ಎಲ್ಲ ಕರ್ಮವನ್ನೂ ಸುಡುವುದಾದರೆ ಜ್ಞಾನಿ ಆ ಕ್ಷಣವೇ ಸಾಯಬೇಕಿತ್ತಲ್ಲ, ಏಕೆ ಬದುಕಿರುತ್ತಾನೆ? ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯ ಇದಕ್ಕೆ ಉತ್ತರ ಕೊಡುತ್ತದೆ: ಕೂಡಿಟ್ಟದ್ದು ನಾಶವಾಗುತ್ತದೆ, ಮುಂದಿನದು ಅಂಟುವುದಿಲ್ಲ, ಆದರೆ ಫಲ ಕೊಡಲು ತೊಡಗಿದ್ದು ಉಂಡೇ ತೀರಬೇಕು. ಕುಂಬಾರ ಕೈ ತೆಗೆದ ಮೇಲೂ ಚಕ್ರ ಒಂದಷ್ಟು ಹೊತ್ತು ತಿರುಗುತ್ತದೆ ಎಂಬ ದೃಷ್ಟಾಂತವನ್ನು ಶಂಕರರು ಇಲ್ಲಿ ಕೊಡುತ್ತಾರೆ. ಜೈನರು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಕರ್ಮವೇ ಜೀವಕ್ಕೆ ಅಂಟುವ ಸೂಕ್ಷ್ಮ ದ್ರವ್ಯ ಎಂದರು. ಯಂತ್ರಕ್ಕೆ ಕರ್ತೃತ್ವವಿಲ್ಲ, ಪಶ್ಚಾತ್ತಾಪವಿಲ್ಲ, ಅದನ್ನು ಮನುಷ್ಯನಿಗೆ ಹೋಲಿಸುವುದು ಸಲ್ಲದು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ನನ್ನ ಹೋಲಿಕೆ ಕರ್ತೃವಿನದ್ದಲ್ಲ, ಗುರುತಿನದ್ದು. ಹೊಸ ಬಾಳು ಎಂದರೆ ಹಿಂದಿನದು ಇಲ್ಲವಾಗುವುದಲ್ಲ, ಹಿಂದಿನದರ ಅಧಿಕಾರ ಮುಗಿಯುವುದು ಎಂಬುದಷ್ಟೇ ನನ್ನ ವಾದ.

ಇದಕ್ಕೆ ಬಲವಾದ ಎದುರುಮಾತು ಬರುವುದು ನಮ್ಮ ನೆಲದಿಂದಲೇ. ಲಿಂಗದೀಕ್ಷೆಯಾದವನಿಗೆ ಪೂರ್ವಾಶ್ರಯವೇ ಇಲ್ಲ, ಅವನ ಜಾತಿ ಕೇಳುವುದೇ ಪಾಪ ಎಂದವರು ಶರಣರು. ಗುರುತು ಉಳಿಯುತ್ತದೆ ಎನ್ನುವವನು ಜಾತಿಯೂ ಉಳಿಯುತ್ತದೆ ಎಂದು ಹೇಳಿದಂತಾಗುವುದಿಲ್ಲವೇ? ಆಗುವುದಿಲ್ಲ. ಜಾತಿ ಮೈಯ ಮೇಲಿನ ಸವೆತವಲ್ಲ. ಯಾರನ್ನು ಎಲ್ಲಿಡಬೇಕು ಎಂದು ಪರರು ಬರೆದ ಪಟ್ಟಿ ಅದು, ಶರಣರು ಅಳಿಸಿದ್ದು ಆ ಪಟ್ಟಿಯನ್ನು. ಆದರೆ ಪಟ್ಟಿಯ ಪ್ರತಿಗಳು ಊರಲ್ಲೂ ಅರಮನೆಯಲ್ಲೂ ಇದ್ದವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಕುಲದಿಂದ ಬಂದ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಮದುವೆಯಾದಾಗ ಅದು ಇಬ್ಬರು ಶರಣರ ಮನೆಗಳ ಸಂಬಂಧ. ದೊರೆ ಬಿಜ್ಜಳನ ಆಸ್ಥಾನ ಮಾತ್ರ ಹಳೆಯ ಪ್ರತಿಯನ್ನೇ ತೆರೆದು ಓದಿತು, ಬೀಗರಿಬ್ಬರನ್ನೂ ಆನೆಗೆ ಕಟ್ಟಿ ಎಳೆಸಿತು ಎಂದು ಪರಂಪರೆ ಹೇಳುತ್ತದೆ. ಇನ್ನು ಹರಳಯ್ಯನ ಕೈಯಲ್ಲಿದ್ದ ಕಸುಬನ್ನು ದೀಕ್ಷೆ ಅಳಿಸಲಿಲ್ಲ, ಅಳಿಸಬೇಕೆಂದು ಯಾರೂ ಬಯಸಲೂ ಇಲ್ಲ. ಶರಣನಾದ ಮೇಲೂ ಅವನು ಅದೇ ಉಳಿ ಹಿಡಿದು ಚಮ್ಮಾವುಗೆ ಹೊಲಿಯುತ್ತಿದ್ದ. ಅದಕ್ಕೀಗ ಕಾಯಕ ಎಂಬ ಹೆಸರಿತ್ತು.