ಸಸಿಯನ್ನು ಕೀಳುವ ಕೈ

ಒಂದು ಜೀವಕ್ಕೆ ಎಡೆಮಾಡಿಕೊಡುವುದಕ್ಕಾಗಿ ಇನ್ನೊಂದು ಜೀವವನ್ನು ಕಿತ್ತೊಗೆಯುವುದು ನ್ಯಾಯವೆ? ಪ್ರಶ್ನೆಯನ್ನು ಹೀಗೆ ಕೇಳಿದಾಗ, ಇದು ಪಂಡಿತರಿಗೆ ಬಿಟ್ಟುಕೊಡಬೇಕಾದ ಗಹನವಾದ ವಿಷಯವೆಂದು ವಾಚಕರಿಗೆ ತೋರಬಹುದು. ನಮಗಾದರೋ ಈ ಪ್ರಶ್ನೆ ಎದುರಾದದ್ದು ಗ್ರಂಥದಲ್ಲಲ್ಲ. ಶಾಲೆಯ ಹಿತ್ತಿಲಿನಲ್ಲಿ, ಹತ್ತಡಿ ಉದ್ದ ನಾಲ್ಕಡಿ ಅಗಲದ ಒಂದು ಬೀಟ್‌ರೂಟ್ ಪಾತಿಯ ಅಂಚಿನಲ್ಲಿ.

ಹೊಸೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಿಂಗಾರು ಮಳೆ ಹಿಂದೆಗೆದು, ರಾಗಿಯ ತೆನೆ ಬಲಿತು, ಅವರೆಯ ಹೂವಿನ ಮೇಲೆ ಇಬ್ಬನಿ ಬೀಳತೊಡಗಿದಾಗ ಇಲ್ಲಿಯ ನೆಲ ಕಾಯಿಪಲ್ಲೆಗಳಿಗೆ ಬಹಳ ಅನುಕೂಲವಾಗುತ್ತದೆ. ನಮ್ಮ ಮಕ್ಕಳ ತೋಟದ ಬಳಗವೂ ದೀಪಾವಳಿ ಕಳೆದ ಮೇಲೆಯೇ ಕೆಲಸಕ್ಕೆ ತೊಡಗುವುದು ವಾಡಿಕೆ. ಶನಿವಾರ ಸಂಜೆ ಬಳಗದ ಕೂಟ. ಆ ವಾರ ಯಾರು ನೀರು ಹೊತ್ತರು, ಯಾವ ಪಾತಿಯಲ್ಲಿ ಏನು ಮೊಳೆಯಿತು, ಎಲ್ಲಿ ಹುಳು ಕಾಣಿಸಿತು ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು, ಕೂಟದಲ್ಲಿ ಗಟ್ಟಿಯಾಗಿ ಓದುತ್ತಾರೆ. ಮಧ್ಯಾಹ್ನದ ಊಟದ ತಟ್ಟೆ ತೊಳೆದ ನೀರು ಒಂದು ಕಾಲುವೆಯಾಗಿ ಹಿತ್ತಿಲಿಗೆ ಹರಿಯುತ್ತದೆ. ಉಳಿದದ್ದಕ್ಕೆ ಕೊಡವೇ ಗತಿ.

ಬೀಟ್‌ರೂಟಿನ ಬೀಜದ ಸ್ವಭಾವ ವಿಲಕ್ಷಣವಾದುದು. ನಾವು ಬೀಜವೆಂದು ಕರೆಯುವ ಆ ಒರಟು ಗುಂಡು ನಿಜವಾಗಿ ಹಲವು ಬೀಜಗಳ ಒಂದು ಗೊಂಚಲು. ಎಷ್ಟೇ ಎಚ್ಚರದಿಂದ ಗೇಣಿಗೊಂದರಂತೆ ಊರಿದರೂ ಒಂದೊಂದು ಕಡೆ ಎರಡು, ಮೂರು, ನಾಲ್ಕು ಸಸಿಗಳು ಒತ್ತಿಕೊಂಡು ಏಳುತ್ತವೆ. ಎಲ್ಲವನ್ನೂ ಹಾಗೆಯೇ ಬಿಟ್ಟರೆ ಎಲೆ ಬೆಳೆಯುತ್ತದೆ, ಗೆಡ್ಡೆ ತುಂಬುವುದಿಲ್ಲ. ಆದುದರಿಂದ ಮೂರು ವಾರದ ಪೈರಿನಲ್ಲಿ ಒಂದನ್ನುಳಿಸಿ ಮಿಕ್ಕುವನ್ನು ಕೀಳಬೇಕು. ಇದನ್ನು ನಾವು ಮಕ್ಕಳಿಗೆ ವಿವರಿಸಿ, ಕೀಳಲು ಹೇಳಿದೆವು.

ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕಿತ್ತ ಸಸಿಯನ್ನು ಅಂಗೈಯಲ್ಲಿಟ್ಟುಕೊಂಡು, “ಇದು ಏನು ತಪ್ಪು ಮಾಡಿತು, ಮೇಷ್ಟ್ರೇ?” ಎಂದು ಕೇಳಿದಳು. ತಪ್ಪು ಮಾಡಿಲ್ಲ, ಜಾಗ ಸಾಲದು ಎಂದೆವು. ಅಷ್ಟರಲ್ಲಿ ಇನ್ನೊಬ್ಬ ಹುಡುಗ, “ಯಾವುದನ್ನು ಕೀಳಬೇಕು?” ಎಂದ. “ಬಡಕಲಾದದ್ದನ್ನು. ಅದರಿಂದ ಏನೂ ಆಗುವುದಿಲ್ಲ” ಎಂದು ನಾವು ಕೂಡಲೇ ಉತ್ತರ ಕೊಟ್ಟೆವು.

ಹೇಳಿ ಮುಗಿಸಿದ ಮೇಲೆ ಆ ಹುಡುಗನ ಮುಖ ನಮ್ಮ ಕಣ್ಣಿಗೆ ಬಿತ್ತು. ಅವನ ತಂದೆತಾಯಿ ಕೂಲಿಗಾಗಿ ಊರೂರು ಅಲೆಯುವವರು. ಅವನು ವಾರದಲ್ಲಿ ಮೂರು ದಿನ ಬಂದರೆ ಹೆಚ್ಚು. ಕೊನೆಯ ಸಾಲಿನಲ್ಲಿ ಕುಳಿತಿರುತ್ತಾನೆ. ಅವನನ್ನು ಎಬ್ಬಿಸಿ ಪಾಠ ಓದಿಸಿ ಎಷ್ಟು ದಿನಗಳಾದವೆಂದು ಯೋಚಿಸಿದೆವು. ನೆನಪಾಗಲಿಲ್ಲ. ಆ ತಿಂಗಳೆಲ್ಲ ನಾವು ವಾಚನ ಸ್ಪರ್ಧೆಗೆ ಆರಿಸಿದ ಮೂವರು ಮಕ್ಕಳನ್ನು ತಿದ್ದುವುದರಲ್ಲಿ ಮಗ್ನರಾಗಿದ್ದೆವು. ಪಾತಿಯಲ್ಲಿ ಮಾಡಬೇಕೆಂದು ಬಾಯಿಂದ ಹೇಳಿದ್ದನ್ನು ತರಗತಿಯಲ್ಲಿ ನಾವು ಯಾರಿಗೂ ಹೇಳದೆ ಆಗಲೇ ಮಾಡಿಬಿಟ್ಟಿದ್ದೆವು.

ಪಾತಿಗೆ ಒಪ್ಪುವ ನ್ಯಾಯ ಪಾಠಶಾಲೆಗೆ ಒಪ್ಪುತ್ತದೆಯೆ ಎಂಬುದೇ ಈಗ ವಿಚಾರಮಾಡಬೇಕಾದ ಸಂಗತಿ.

ಮೊದಲನೆಯದಾಗಿ, ಪಾತಿಯನ್ನು ನಾವು ಮಾಡಿದುದು ಗೆಡ್ಡೆಗಾಗಿ. ಸಸಿಯ ಯೋಗ್ಯತೆಯನ್ನು ನಮ್ಮ ಊಟದ ಅಳತೆಯಿಂದ ಅಳೆಯುತ್ತೇವೆ. ಅಲ್ಲಿ ಅದಕ್ಕಿಂತ ಬೇರೆ ಅಳತೆಯನ್ನು ನಾವು ಇಟ್ಟುಕೊಂಡಿಲ್ಲ. ಮಗುವಾದರೋ ಯಾರ ಊಟಕ್ಕೂ ಬೆಳೆಯುವುದಲ್ಲ. ಶಾಲೆಯ ಹೆಸರಿಗಾಗಲಿ, ಉಪಾಧ್ಯಾಯನ ಕೀರ್ತಿಗಾಗಲಿ ಅದು ಬೆಳೆಯಬೇಕಾಗಿಲ್ಲ. ಬಹುಮಾನ ತರುವ ಮಗುವೇ ಬಲವಾದ ಸಸಿ ಎಂದು ಭಾವಿಸುವವನು ತಿಳಿದೋ ತಿಳಿಯದೆಯೋ ಮಗುವನ್ನು ತನ್ನ ಫಸಲಾಗಿ ಎಣಿಸಿದಂತಾಯಿತು.

ಎರಡನೆಯದಾಗಿ, ಬಡಕಲು ಯಾವುದೆಂದು ನಿರ್ಣಯಿಸುವ ನಮ್ಮ ಕಣ್ಣನ್ನು ನಂಬುವಂತಿಲ್ಲ. ತಡವಾಗಿ ಮೊಳೆತ ಸಸಿಯೂ ಬಡಕಲೇ. ನೆರಳಿನಲ್ಲಿ ಸಿಕ್ಕಿಕೊಂಡದ್ದೂ ಬಡಕಲೇ. ಸಸಿಯ ವಿಷಯದಲ್ಲಿ ತಪ್ಪು ಎಣಿಸಿದರೆ ಒಂದು ಗೆಡ್ಡೆ ನಷ್ಟವಾದೀತು. ಮಗುವಿನ ವಿಷಯದಲ್ಲಿ ಆಗುವ ನಷ್ಟವನ್ನು ತುಂಬಿಕೊಡುವವರು ಯಾರು?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಹುರುಳಿಲ್ಲದ್ದಲ್ಲ. ವಿದ್ಯೆ ಹಂಚಿದಷ್ಟೂ ಬೆಳೆಯುವುದೆಂಬುದು ಸರಿ, ಆದರೆ ಉಪಾಧ್ಯಾಯನ ವೇಳೆ ಹಂಚಿದಷ್ಟೂ ಕರಗುವಂಥದು. ಎರಡು ಮೂರು ತರಗತಿಗಳನ್ನು ಒಬ್ಬನೇ ನೋಡಿಕೊಳ್ಳುವ ಶಾಲೆಯಲ್ಲಿ ಒಂದು ಗಂಟೆಯೂ ಪಾತಿಯ ಮಣ್ಣಿನಂತೆ ಅಳತೆಯುಳ್ಳದ್ದೇ. ಎಲ್ಲರಿಗೂ ಸಮನಾಗಿ ಹಂಚಿದರೆ ಯಾರ ಗೆಡ್ಡೆಯೂ ತುಂಬಲಾರದು ಎಂದು ಅನುಭವಸ್ಥರು ಹೇಳುತ್ತಾರೆ. ಇದನ್ನು ಸುಳ್ಳೆನ್ನಲು ನಮ್ಮಿಂದಾಗದು.

ಇದಕ್ಕೆ ಉತ್ತರವನ್ನು ನಾವು ಕಂಡುಕೊಂಡುದು ರಾಗಿಯ ಹೊಲದಲ್ಲಿ. ನಮ್ಮ ಸೀಮೆಯ ಒಕ್ಕಲಿಗನು ಪೈರು ಒತ್ತಾಗಿ ಬಂದಾಗ ಕುಂಟೆ ಹಾಯಿಸಿ ತೆಳುವು ಮಾಡುತ್ತಾನೆ. ಆದರೆ ಅಷ್ಟಕ್ಕೇ ಬಿಡುವುದಿಲ್ಲ. ಹದಮಳೆ ಬಿದ್ದ ದಿನ ಒತ್ತಾದ ಕಡೆಯಿಂದ ಪೈರನ್ನು ಕಿತ್ತು ಬರಿದಾದ ಕಡೆ ನಾಟುತ್ತಾನೆ. ಒಂದೆಡೆ ಹೆಚ್ಚಾದ ಪೈರಿಗೆ ಮತ್ತೊಂದೆಡೆ ನೆಲವುಂಟು ಎಂಬ ಅರಿವು ಅವನಿಗಿದೆ. ‘ಇದನ್ನು ಎಸೆಯಲೆ?’ ಎಂದು ಕೇಳುವುದಕ್ಕೆ ಮುಂಚೆ ‘ಇದಕ್ಕೆ ಎಲ್ಲಿ ಎಡೆಯುಂಟು?’ ಎಂದು ಹುಡುಕುವುದೇ ಅವನ ಧರ್ಮ. ನಮ್ಮ ತಪ್ಪು ಕಿತ್ತದ್ದರಲ್ಲಿ ಇರಲಿಲ್ಲ, ಹುಡುಕದೆ ಎಸೆದದ್ದರಲ್ಲಿತ್ತು.

ಆ ಹುಡುಗಿ ನಮ್ಮ ಉತ್ತರಕ್ಕಾಗಿ ಕಾಯಲಿಲ್ಲ. ಕಿತ್ತ ಸಸಿಗಳನ್ನು ಬೇರು ಮುರಿಯದಂತೆ ಒಟ್ಟುಮಾಡಿ, ತಟ್ಟೆ ತೊಳೆದ ನೀರು ಹರಿಯುವ ಕಾಲುವೆಯ ಬದಿಯಲ್ಲಿ ನೆಟ್ಟು, ತೆಂಗಿನ ಗರಿಯ ನೆರಳು ಮಾಡಿದಳು. ಪಕ್ಕದ ಪಾತಿಯ ಮೂಲಂಗಿಯ ಸಸಿಗಳನ್ನೂ ನೆಟ್ಟಳು. ಮೂಲಂಗಿ ಕೈಗೂಡಲಿಲ್ಲ, ಅದರ ತಾಯಿಬೇರು ಒಮ್ಮೆ ನೊಂದರೆ ಗೆಡ್ಡೆ ಕವಲೊಡೆಯುತ್ತದೆ. ಬೀಟ್‌ರೂಟಿನಲ್ಲಿ ಅರ್ಧದಷ್ಟು ಬಾಡಿದವು, ಅರ್ಧ ಚಿಗುರಿದವು. ಸಂಕ್ರಾಂತಿಯ ಹೊತ್ತಿಗೆ ಅಗೆದಾಗ ಪಾತಿಯವು ಮುಷ್ಟಿಯ ಗಾತ್ರ, ಕಾಲುವೆಯ ಬದಿಯವು ನಿಂಬೆಹಣ್ಣಿನ ಗಾತ್ರ. ಎಲ್ಲವೂ ಸಮನಾದವೆಂದು ಹೇಳಿದರೆ ಸುಳ್ಳಾದೀತು. ಆದರೆ ಪಲ್ಯದ ಪಾತ್ರೆಯಲ್ಲಿ ಯಾವ ಹೋಳು ಎಲ್ಲಿಯದೆಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಗಡಿನಾಡಿನ ಕನ್ನಡ ಶಾಲೆಯ ಉಪಾಧ್ಯಾಯರಾದ ನಮಗೆ ಈ ವಿಚಾರ ಇನ್ನಷ್ಟು ಹತ್ತಿರದ್ದು. ನಮ್ಮ ಪಾತಿಯಲ್ಲಿ ಸಸಿಗಳು ಒತ್ತಾಗಿಲ್ಲ, ವಿರಳವಾಗಿವೆ. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯನ್ನು ಆಡುತ್ತ ಬರುವ ಮಗು ಮೊದಲ ವರ್ಷ ತಡವರಿಸುವುದು ಸಹಜ. ಅದನ್ನೇ ನಾವು ಬಡಕಲುತನವೆಂದು ತಿಳಿದರೆ ಕೀಳುವವರು ಬೇರೆ ಬೇಕಾಗಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರನ್ನು ಉಳಿಸಿಕೊಂಡು ತರಗತಿಯಲ್ಲಿ ಮಗುವನ್ನು ಮರೆಯುವುದೂ ಒಂದು ಬಗೆಯ ಕೀಳುವಿಕೆಯೇ.

ವೇಳೆ ಸಾಲದೆಂಬ ಕಷ್ಟ ಹಾಗೆಯೇ ಇದೆ. ನಾವು ಮಾಡಿದ್ದು ಇಷ್ಟೆ: ಶನಿವಾರದ ಕೂಟದಲ್ಲಿ ತೋಟದ ಪುಸ್ತಕವನ್ನು ಓದುವ ಕೆಲಸವನ್ನು ಆ ಹುಡುಗನಿಗೆ ಕೊಟ್ಟೆವು. ಅದಕ್ಕೆ ಪಾಠದ ಗಂಟೆಯಿಂದ ಒಂದು ನಿಮಿಷವನ್ನೂ ಕಡಿಯಬೇಕಾಗಲಿಲ್ಲ. ಎಡೆ ಇತ್ತು, ನಾವು ನೋಡಿರಲಿಲ್ಲ. ಅವನು ‘ಇಬ್ಬನಿ’ ಎಂಬಲ್ಲಿ ನಿಲ್ಲುತ್ತಾನೆ, ಒತ್ತಕ್ಷರಕ್ಕೆ ಹೆದರುತ್ತಾನೆ. ಉಳಿದ ಮಕ್ಕಳು ಕಾಯುತ್ತಾರೆ. ಮೊದಲ ವಾರ ಕೆಲವರು ನಕ್ಕರು. ಮೂರನೆಯ ವಾರಕ್ಕೆ ನಗು ನಿಂತಿತು. ಅವನು ಶನಿವಾರ ತಪ್ಪಿಸುವುದನ್ನು ಬಿಟ್ಟಿದ್ದಾನೆ. ಉಳಿದ ದಿನಗಳಲ್ಲಿ ಇನ್ನೂ ತಪ್ಪಿಸುತ್ತಾನೆ.

ಇದರಿಂದ ಮೊದಲಿನ ಪ್ರಶ್ನೆ ಪೂರ್ತಿಯಾಗಿ ಬಗೆಹರಿಯಿತೆಂದು ನಾವು ಹೇಳುವುದಿಲ್ಲ. ಬರುವ ಮಾಗಿಯಲ್ಲಿಯೂ ಬೀಟ್‌ರೂಟಿನ ಪಾತಿಯಲ್ಲಿ ಸಸಿಗಳನ್ನು ಕೀಳಲೇಬೇಕಾಗುತ್ತದೆ. ಕೀಳುವ ಕೈ ಮುಂದಾಗುವುದಕ್ಕೆ ಮೊದಲು ನೆಡುವುದಕ್ಕೆ ಎಡೆಯನ್ನು ಹುಡುಕಿದ ಕಣ್ಣಿರಲಿ ಎಂಬುದಷ್ಟೇ ಸಹೋದ್ಯೋಗಿಗಳಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿನಂತಿ.